ನೀರಿಗಿಳಿದ ಕಂಟಿ: ಮೀನಿಗೆ ಮನೆಯೋ, ಬಲೆಯೋ?

ಬೀಸು ಬಲೆಯವನಿಗೂ ಗಾಳದವನಿಗೂ ಒಂದು ವಿಷಯದಲ್ಲಿ ಎಂದೂ ಕೂಡಿಬರುವುದಿಲ್ಲ. ಕೆರೆಯ ನೀರೊಳಗೆ ಒಂದು ಜಾಲಿ ಕಂಟಿ ಮುಳುಗಿದ್ದರೆ ಬಲೆಯವನು ಅದನ್ನು ಬೈಯುತ್ತಾನೆ. ಬಲೆ ಸಿಕ್ಕಿಬೀಳುತ್ತದೆ, ಹರಿಯುತ್ತದೆ, ಹೊಲಿಯಲು ಎರಡು ದಿನ ಹೋಗುತ್ತದೆ. ಗಾಳದವನು ಮಾತ್ರ ಅದೇ ಕಂಟಿಯ ಬದಿಗೆ ಬಂದು ಕೂರುತ್ತಾನೆ. ಮೀನು ಇರುವುದೇ ಅಲ್ಲಿ ಎಂದು ಅವನಿಗೆ ಗೊತ್ತು.

ಇದು ನಮ್ಮ ಗಬ್ಬೂರ ಕಡೆಯ ಹುಡುಗರಿಗೂ ಗೊತ್ತಿರುವ ಸಂಗತಿ. ಹೊಂಡದಲ್ಲಿ ಮೀನು ಬಿಟ್ಟ ರೈತರು ಇನ್ನೊಂದು ಉಪಯೋಗವನ್ನೂ ಕಂಡುಕೊಂಡಿದ್ದಾರೆ. ರಾತ್ರಿ ಯಾರೋ ಬಂದು ಬಲೆ ಎಳೆದುಕೊಂಡು ಹೋಗಬಾರದು ಎಂದು ನೀರಿಗೆ ನಾಲ್ಕು ಮುಳ್ಳುಕಂಟಿ ಎಸೆಯುತ್ತಾರೆ. ಕಳ್ಳನ ಬಲೆಗೆ ಮುಳ್ಳು, ಮೀನಿಗೆ ಮರೆ.

ಆದರೆ ಬಿದ್ದ ಕಂಟಿ ಬೇರೆ, ಬೇಕೆಂದೇ ಕಟ್ಟಿ, ಕಲ್ಲು ಬಿಗಿದು, ಲೆಕ್ಕ ಹಾಕಿ ಮುಳುಗಿಸಿದ ಕಂಟಿ ಬೇರೆ. ಎರಡನೆಯದಕ್ಕೆ ದೊಡ್ಡ ಇತಿಹಾಸವಿದೆ. ಜಪಾನಿನ ದ್ವೀಪದಿಂದ ಆಫ್ರಿಕಾದ ಸರೋವರದವರೆಗೆ, ಮಣಿಪುರದಿಂದ ನಮ್ಮ ಕಾರವಾರ, ಮಂಗಳೂರಿನ ಕಡಲಿನವರೆಗೆ ಅದು ಹರಡಿದೆ. ಹುಬ್ಬಳ್ಳಿ ಪೇಟೆಗೆ ಎರಡು ಬಗೆಯ ಮೀನು ಬರುತ್ತದೆ. ಒಂದು ಅಂಕೋಲಾ ರಸ್ತೆ ಹಿಡಿದು ಘಟ್ಟ ಹತ್ತಿ ಬರುವ ಕಡಲ ಮೀನು. ಇನ್ನೊಂದು ಸುತ್ತಲಿನ ಕೆರೆ, ಹೊಂಡ, ಜಲಾಶಯಗಳ ಸಿಹಿನೀರ ಮೀನು. ಎರಡರ ಹಿಂದೆಯೂ ಈ ಕಂಟಿಯ ಕಥೆ ಇದೆ.

ಆ ಇತಿಹಾಸವನ್ನು ಓದುತ್ತ ಹೋದರೆ ಒಂದೇ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ಕಂಟಿ ಮೀನನ್ನು ಬೆಳೆಸುತ್ತದೆಯೋ, ಅಥವಾ ಬರೀ ಕೂಡಿಸುತ್ತದೆಯೋ? ಕೂಡಿದ ಮೀನು ಯಾರದು?

ಮೀನು ಕಂಟಿಗೆ ಯಾಕೆ ಬರುತ್ತದೆ

ಮೊದಲ ಕಾರಣ ಹೆದರಿಕೆ. ಬಯಲು ನೀರಿನಲ್ಲಿ ಸಣ್ಣ ಮೀನಿಗೆ ಮೇಲಿಂದ ಮಿಂಚುಳ್ಳಿ, ನೀರುಕಾಗೆ, ಬಕ. ಕೆಳಗಿಂದ ದೊಡ್ಡ ಮೀನು. ಟೊಂಗೆಗಳ ಸಂದಿಯಲ್ಲಿ ಅದು ಅಡಗಬಲ್ಲದು. ಸಣ್ಣ ಮೀನು ಅಲ್ಲಿ ಸೇರಿತು ಎಂದಾಗ ಅದನ್ನು ತಿನ್ನುವ ದೊಡ್ಡ ಮೀನೂ ಬದಿಗೆ ಬಂದು ಹೊಂಚು ಹಾಕುತ್ತದೆ.

ಎರಡನೆಯದು ನೆರಳು. ಬ್ಯಾಸಗಿಯಲ್ಲಿ ನಮ್ಮ ಕಡೆಯ ಕೆರೆಗಳಲ್ಲಿ ನೀರು ಕಡಿಮೆ, ಬಿಸಿಲು ಹೆಚ್ಚು. ಕಂಟಿಯ ಕೆಳಗೆ ಸ್ವಲ್ಪ ತಂಪು ಇರುತ್ತದೆ.

ಮೂರನೆಯದು ಕಣ್ಣಿಗೆ ಕಾಣದ್ದು, ಆದರೆ ಎಲ್ಲಕ್ಕಿಂತ ದೊಡ್ಡದು. ನೀರಿನಲ್ಲಿ ಕೆಲವು ವಾರ ಇದ್ದ ಟೊಂಗೆಯನ್ನು ಮುಟ್ಟಿ ನೋಡಿ, ಜಾರುತ್ತದೆ. ಆ ಲೋಳೆ ಕೊಳೆಯಲ್ಲ. ಅದರಲ್ಲಿ ಬ್ಯಾಕ್ಟೀರಿಯಾ, ಪಾಚಿ, ಅದನ್ನು ಮೇಯುವ ಸಣ್ಣ ಹುಳುಗಳು ಎಲ್ಲ ಸೇರಿವೆ. ರೋಹುವಿನಂಥ ಮೀನು ಆ ಲೋಳೆಯನ್ನೇ ಕೆರೆದು ತಿನ್ನುತ್ತದೆ. ಬಯಲು ನೀರಿನ ತಳದಲ್ಲಿ ಮೇವು ಒಂದು ಪದರ ಮಾತ್ರ. ಕಂಟಿ ಇಳಿಸಿದರೆ ಪ್ರತಿ ಟೊಂಗೆಯ ಸುತ್ತ ಒಂದೊಂದು ಪದರ. ನೆಲವೇ ಎತ್ತರಕ್ಕೆ ಎದ್ದು ನಿಂತಂತೆ.

ಇದನ್ನು ಪ್ರಯೋಗ ಮಾಡಿ ತೋರಿಸಿದವರಲ್ಲಿ ನಮ್ಮವರೂ ಇದ್ದಾರೆ. 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕೆ ಕಾಲೇಜಿನಲ್ಲಿ 1990ರ ದಶಕದಲ್ಲಿ ಕೆ.ಎಂ. ಶಂಕರ್, ಸಿ.ವಿ. ಮೋಹನ್ ಮತ್ತು ಅವರ ಸಂಗಡಿಗರು ಕಬ್ಬಿನ ಸಿಪ್ಪೆ, ಭತ್ತದ ಹುಲ್ಲು, ಒಣಗಿಸಿದ ಅಂತರಗಂಗೆ ಈ ಮೂರನ್ನೂ ತೊಟ್ಟಿಗಳ ನೀರಿನಲ್ಲಿ ಇಳಿಬಿಟ್ಟು ನೋಡಿದರು. ರೋಹು ಮತ್ತು ಸಾಮಾನ್ಯ ಗೆಂಡೆ ಇಂಥ ಆಸರೆ ಇದ್ದ ತೊಟ್ಟಿಗಳಲ್ಲಿ ಚೆನ್ನಾಗಿ ಬೆಳೆದವು. ಮೂರರಲ್ಲಿ ಕಬ್ಬಿನ ಸಿಪ್ಪೆ ಮುಂದಿತ್ತು. ಆ ಫಲಿತಾಂಶ 1999ರಲ್ಲಿ ಪ್ರಕಟವಾಯಿತು. ಅದೇ ಕಾಲೇಜಿನ ಪಿ. ಕೇಶವನಾಥ್ ಮತ್ತು ಸಂಗಡಿಗರು ಬಿದಿರಿನ ಗಳ, ಪ್ಲಾಸ್ಟಿಕ್ ಪೈಪು, ಕಬ್ಬಿನ ಸಿಪ್ಪೆಯ ಕಟ್ಟು ಇವುಗಳನ್ನು ನೀರಿನಲ್ಲಿ ನಿಲ್ಲಿಸಿ, ನಮ್ಮ ನದಿಗಳ ಮಹಸೀರ್ ಮೀನಿನ ಮೇಲೂ ಪ್ರಯೋಗ ಮಾಡಿದರು.

ಗಾಣದ ಬದಿಗೆ ರಾಶಿ ಬಿದ್ದ ಕಬ್ಬಿನ ಸಿಪ್ಪೆ ಮೀನಿನ ಮೇವಿಗೆ ನೆಲವಾಗಬಲ್ಲದು ಎಂಬ ಮಾತು ಇಷ್ಟು ವರ್ಷವಾದರೂ ನಮ್ಮ ಹೊಂಡಗಳವರೆಗೆ ಅಷ್ಟಾಗಿ ಬಂದಿಲ್ಲ.

ಅವಾಜಿಯ ಮುಳುಗಿದ ಹಡಗು

ಈಗ ಹಿಂದಕ್ಕೆ ಹೋಗೋಣ. ಜಪಾನಿನಲ್ಲಿ ಅವಾಜಿ ಎಂಬ ದ್ವೀಪವಿದೆ. ಅಲ್ಲಿಯ ಕಾನ್ಸೆಯ್ ಕಾಲದಲ್ಲಿ, ಅಂದರೆ 1789ರಿಂದ 1801ರ ನಡುವೆ, ಮನ್‌ಜೈ ಎಂಬ ಹಳ್ಳಿಯ ಮೀನುಗಾರರಿಗೆ ಒಂದು ಮುಳುಗಿದ ಹಡಗಿನ ಬಳಿ ಸಾವಿರಾರು ಮೀನು ಸಿಕ್ಕವು. ವರ್ಷಗಟ್ಟಲೆ ಅಲ್ಲೇ ಹಿಡಿದರು. ಏಳೆಂಟು ವರ್ಷಕ್ಕೆ ಹಡಗಿನ ಮರ ಕೊಳೆತು ಚದುರಿತು. ಮೀನೂ ಹೋಯಿತು.

ಆಗ ಆ ಜನ ಕೈಕಟ್ಟಿ ಕೂರಲಿಲ್ಲ. ಹಡಗು ಮೀನು ತಂದಿತ್ತು ಎಂದಾದರೆ ಹಡಗಿನಂಥದ್ದನ್ನು ನಾವೇ ಮಾಡೋಣ ಎಂದುಕೊಂಡರು. ಮರದ ದೊಡ್ಡ ಚೌಕಟ್ಟು ಕಟ್ಟಿದರು. ಅದಕ್ಕೆ ಬಿದಿರು, ಟೊಂಗೆ, ಕಡ್ಡಿಗಳನ್ನು ಬಿಗಿದರು. ಮರಳಿನ ಚೀಲ ಕಟ್ಟಿ ಮುಳುಗಿಸಿದರು. ಮೂರು ತಿಂಗಳ ನಂತರ ಹೋಗಿ ನೋಡಿದರೆ ಹಳೆಯ ಹಡಗಿನ ಬಳಿ ಸಿಕ್ಕಿದ್ದಕ್ಕಿಂತ ಹೆಚ್ಚು ಮೀನು. 1804ರ ಹೊತ್ತಿಗೆ ಆ ಕಡಲಿನಲ್ಲಿ ಇಂಥ ನೂರಾರು ಚೌಕಟ್ಟುಗಳು ಮುಳುಗಿದ್ದವು.

ಇದರಲ್ಲಿ ಗಮನಿಸಬೇಕಾದದ್ದು ಎರಡು. ಒಂದು, ಮರಳಿನ ಚೀಲ. ಕಟ್ಟಿಗೆ ತೇಲುವ ವಸ್ತು. ಅದನ್ನು ತಳದಲ್ಲಿ ನಿಲ್ಲಿಸುವುದೇ ಅರ್ಧ ಕೆಲಸ. ಎರಡು, ಕೊಳೆಯುವ ಗುಣ. ಹಡಗು ಕೊಳೆತಂತೆ ಚೌಕಟ್ಟೂ ಕೊಳೆಯುತ್ತದೆ. ಮತ್ತೆ ಮತ್ತೆ ಕಟ್ಟಬೇಕು. ಇಷ್ಟಾದರೂ ಅವಾಜಿಯದು ತೆರೆದ ಕಡಲು, ಒಂದು ಊರಿನ ಕೆಲಸ. ಜಾಗ ದೊಡ್ಡದು, ಪಾಲುದಾರರು ಕಡಿಮೆ. ಇದೇ ಉಪಾಯ ಜನ ತುಂಬಿದ ಸರೋವರಕ್ಕೆ ಬಂದಾಗ ಏನಾಗುತ್ತದೆ ಎಂಬುದಕ್ಕೆ ಆಫ್ರಿಕಾ ನೋಡಬೇಕು.

ನೊಕುವೆ ಸರೋವರದ ಬೇಲಿ

ಪಶ್ಚಿಮ ಆಫ್ರಿಕಾದ ಬೆನಿನ್ ದೇಶಕ್ಕೆ 1975ರವರೆಗೆ ಡಹೋಮಿ ಎಂಬ ಹೆಸರಿತ್ತು. ಅಲ್ಲಿಯ ನೊಕುವೆ ಸರೋವರದಲ್ಲಿ ನೀರಿನ ಮೇಲೆಯೇ ಕಂಬ ನೆಟ್ಟು ಮನೆ ಕಟ್ಟಿಕೊಂಡ ಊರುಗಳಿವೆ. ಅಲ್ಲಿಯವರು ತಲೆಮಾರುಗಳಿಂದ ಟೊಂಗೆಗಳನ್ನು ಕೆಸರಿನ ತಳಕ್ಕೆ ಒತ್ತಾಗಿ ನೆಡುತ್ತ ಬಂದಿದ್ದಾರೆ. ಆ ಪದ್ಧತಿಗೆ ಅಕಾಜಾ ಎನ್ನುತ್ತಾರೆ. ಕೆಲವು ತಿಂಗಳು ಬಿಟ್ಟು ಸುತ್ತ ಬಲೆ ಕಟ್ಟುತ್ತಾರೆ, ಒಳಗಿನ ಟೊಂಗೆ ಕಿತ್ತು ಹೊರಗೆ ಹಾಕುತ್ತಾರೆ, ಮೀನು ಬಾಚುತ್ತಾರೆ, ಮತ್ತೆ ಟೊಂಗೆ ನೆಡುತ್ತಾರೆ. ಹೊಲದಲ್ಲಿ ಬಿತ್ತಿ ಕೊಯ್ದ ಹಾಗೆ.

ಆರ್.ಎಲ್. ವೆಲ್ಕಮ್ ಎಂಬ ವಿಜ್ಞಾನಿ ಇದನ್ನು ಅಧ್ಯಯನ ಮಾಡಿ 1972ರಲ್ಲಿ ಪ್ರಕಟಿಸಿದರು. ಹೆಕ್ಟೇರಿಗೆ ವರ್ಷಕ್ಕೆ ಹಲವು ಟನ್ ಮೀನು ಬರುತ್ತಿತ್ತು. ಟೊಂಗೆ ಒತ್ತಾದಷ್ಟೂ ಮೀನು ಹೆಚ್ಚು. ಹೊರಗಿನಿಂದ ಮೀನು ಬಂದು ಸೇರುವುದಷ್ಟೇ ಅಲ್ಲ, ಒಳಗೇ ಮರಿ ಆಗಿ, ಒಳಗೇ ಬೆಳೆಯುವುದೂ ನಡೆದಿತ್ತು. ಮುಂದೆ ಐವರಿ ಕೋಸ್ಟ್ ದೇಶದಲ್ಲಿ ಸಂಶೋಧಕರು ಟೊಂಗೆಯ ಬದಲು ಬಿದಿರು ನೆಟ್ಟು, ಸುತ್ತ ಬಲೆ ಕಟ್ಟಿ, ಮೇವು ಹಾಕದೆಯೇ ಮೀನು ಬೆಳೆಸಿ ತೋರಿಸಿದರು. ಮಂಗಳೂರಿನ ಬಿದಿರು, ಕಬ್ಬಿನ ಸಿಪ್ಪೆಯ ಪ್ರಯೋಗಗಳೂ ಇದೇ ವಿಚಾರದ ಸಾಲಿಗೆ ಸೇರುತ್ತವೆ. ಹಳ್ಳಿಯವರ ಉಪಾಯ ಹೀಗೆ ತಿರುಗಿ ಪ್ರಯೋಗಶಾಲೆಗೆ ಬಂತು.

ಆದರೆ ನೊಕುವೆಯ ಕಥೆಗೆ ಇನ್ನೊಂದು ಮುಖವಿದೆ. ಟೊಂಗೆ ಎಲ್ಲಿಂದ ಬರಬೇಕು? ದಂಡೆಯ ಕಾಡಿನಿಂದ. ಕಡಿದು ಕಡಿದು ಕಾಡು ತೆಳುವಾಯಿತು. ಕೊಳೆತ ಟೊಂಗೆ, ಅದಕ್ಕೆ ಅಡ್ಡಗಟ್ಟಿ ನಿಂತ ಕೆಸರು ಸೇರಿ ಸರೋವರದ ತಳ ಮೇಲೆ ಬಂತು. ಇದಕ್ಕಿಂತ ದೊಡ್ಡದು ಜಗಳ. ಟೊಂಗೆ, ಕೂಲಿ, ದೋಣಿಗೆ ದುಡ್ಡು ಹಾಕಬಲ್ಲವನು ಸರೋವರದ ಒಂದು ತುಂಡಿಗೆ ಟೊಂಗೆ ನೆಟ್ಟ. ಟೊಂಗೆ ನೆಟ್ಟಲ್ಲಿ ಬೇರೆಯವರ ಬಲೆ ನಡೆಯುವುದಿಲ್ಲ. ಅಷ್ಟು ನೀರು ಅವನದೇ ಆಯಿತು. ಬರೀ ಬೀಸು ಬಲೆ ನಂಬಿದ ಬಡ ಮೀನುಗಾರನಿಗೆ ಉಳಿದದ್ದು ನಡುವಿನ ಖಾಲಿ ನೀರು.

ಹೊಲಕ್ಕೆ ಬೇಲಿ ಹಾಕಿದರೆ ಎಲ್ಲರಿಗೂ ಕಾಣುತ್ತದೆ. ನೀರಿಗೆ ಹಾಕಿದ ಬೇಲಿ ಹೊರಗೆ ಕಾಣುವುದಿಲ್ಲ. ಆದರೆ ಕೆಲಸ ಅದೇ.

ನಮ್ಮ ದೇಶದ ಹಿನ್ನೀರುಗಳು

ಇದು ದೂರದ ಕಥೆ ಎಂದುಕೊಳ್ಳಬೇಡಿ. ಕೇರಳದ ವೇಂಬನಾಡು, ಅಷ್ಟಮುಡಿ ಹಿನ್ನೀರುಗಳಲ್ಲಿ ಟೊಂಗೆಗಳ ಗುಂಪನ್ನು ನೀರಿಗೆ ಇಳಿಸಿ, ಮೀನು ಸೇರಿದ ಮೇಲೆ ಬಲೆ ಸುತ್ತಿ ಹಿಡಿಯುವುದಕ್ಕೆ ಪಡಲ್ ಎನ್ನುತ್ತಾರೆ. ಕೇರಳದ ಹೆಸರಾಂತ ಕರಿಮೀನು ತನ್ನ ಮೊಟ್ಟೆಯನ್ನು ನೀರೊಳಗಿನ ಕಟ್ಟಿಗೆ, ಕಲ್ಲಿನ ಮೇಲೆ ಅಂಟಿಸಿ ಕಾಯುವ ಮೀನು. ಟೊಂಗೆ ಅದಕ್ಕೆ ಬಾಣಂತನದ ಕೋಣೆ ಇದ್ದ ಹಾಗೆ. ಅಲ್ಲಿಗೇ ಬಲೆ ಸುತ್ತಿದರೆ ತಾಯಿಯೂ ಹೋಯಿತು, ಮರಿಯೂ ಹೋಯಿತು. ಕೇರಳದಲ್ಲಿ ಪಡಲ್ ಈಗ ಕಾನೂನುಬಾಹಿರ. ಮೀನುಗಾರಿಕೆ ಇಲಾಖೆಯವರು ದೋಣಿಯಲ್ಲಿ ಹೋಗಿ ಕಿತ್ತು ಹಾಕುತ್ತಾರೆ.

ಮಣಿಪುರದ ಲೋಕ್‌ಟಾಕ್ ಸರೋವರದಲ್ಲಿ ಕಂಟಿಯ ಬದಲು ತೇಲುವ ಹುಲ್ಲುಗಡ್ಡೆ ಇದೆ. ಅದನ್ನು ಬಳೆಯಂತೆ ದುಂಡಗೆ ಜೋಡಿಸಿ, ಗೂಟಕ್ಕೆ ಬಿಗಿದು, ಒಳಗೆ ಮೀನು ಕೂಡಿಸುವ ಪದ್ಧತಿಗೆ ಅಥಾಫುಮ್ ಎಂದು ಹೆಸರು. 2006ರಲ್ಲಿ ಮಣಿಪುರ ಸರಕಾರ ಸರೋವರ ರಕ್ಷಣೆಯ ಕಾಯ್ದೆ ತಂದು ಇದನ್ನು ನಿಷೇಧಿಸಿತು. 2011ರಲ್ಲಿ ಸರೋವರದ ಮೇಲೆ ವಾಸವಿದ್ದ ಮೀನುಗಾರರ ನೂರಾರು ತೇಲುವ ಗುಡಿಸಲುಗಳನ್ನು ಸುಟ್ಟು ತೆರವು ಮಾಡಲಾಯಿತು. ಸರೋವರ ಉಳಿಸಬೇಕು ಎಂಬುದು ಸರಕಾರದ ಮಾತು. ನಾವು ಎಲ್ಲಿಗೆ ಹೋಗಬೇಕು ಎಂಬುದು ಮೀನುಗಾರರ ಮಾತು.

ಇಲ್ಲಿ ಒಂದು ಪಾಠವಿದೆ. ಮೊದಲೇ ಊರವರು ಕೂತು ಎಷ್ಟು ಕಂಟಿ, ಯಾರ ಕಂಟಿ ಎಂದು ತೀರ್ಮಾನ ಮಾಡಿಕೊಳ್ಳದಿದ್ದರೆ ಕೊನೆಗೆ ಪೊಲೀಸರು ಬಂದು ತೀರ್ಮಾನ ಮಾಡುತ್ತಾರೆ.

ಮಿಷಿಗನ್ನಿನ ಕೆರೆಗಳು, ಒಂದು ಅನುಮಾನ

ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 1930ರ ದಶಕದಲ್ಲಿ ಇದೇ ಕೆಲಸ ಸರಕಾರಿ ಮಟ್ಟದಲ್ಲಿ ನಡೆಯಿತು. ಆರ್ಥಿಕ ಕುಸಿತದ ಕಾಲ ಅದು. ಕೆಲಸವಿಲ್ಲದ ಯುವಕರಿಗೆ ಸರಕಾರ ಕಾಡು, ಕೆರೆಗಳ ಕೆಲಸ ಕೊಟ್ಟಿತು. ನಮ್ಮ ಉದ್ಯೋಗ ಖಾತ್ರಿಯಂತೆ ಅನ್ನಬಹುದು. ಅವರು ಟೊಂಗೆಯ ಕಟ್ಟುಗಳಿಗೆ ಭಾರ ಬಿಗಿದು ಕೆರೆಗಳಿಗೆ ಇಳಿಸಿದರು. ಕಾರ್ಲ್ ಹಬ್ಸ್ ಮತ್ತು ಆರ್.ಡಬ್ಲ್ಯೂ. ಎಶ್‌ಮಯರ್ ಎಂಬ ವಿಜ್ಞಾನಿಗಳು ಮೀನುಗಾರಿಕೆಗಾಗಿ ಕೆರೆ ಸುಧಾರಣೆ ಮಾಡುವುದು ಹೇಗೆ ಎಂಬ ಕೈಪಿಡಿಯನ್ನು 1938ರಲ್ಲಿ ಪ್ರಕಟಿಸಿದರು. ಕಂಟಿ ಕಟ್ಟುವ ವಿಧಾನಗಳೂ ಅದರಲ್ಲಿ ಇದ್ದವು.

ಕಂಟಿ ಹಾಕಿದ ಕಡೆ ಮೀನು ಹೆಚ್ಚು ಸಿಕ್ಕಿತು, ಅದರಲ್ಲಿ ಅನುಮಾನವಿಲ್ಲ. ಆದರೆ ಮುಂದೆ ವಿಜ್ಞಾನಿಗಳು ಕೇಳಿದ ಪ್ರಶ್ನೆ ಬೇರೆ. ಕೆರೆಯಲ್ಲಿ ಸಾವಿರ ಮೀನು ಇವೆ ಎಂದುಕೊಳ್ಳಿ. ಅವು ಚದುರಿದ್ದಾಗ ದಿನಕ್ಕೆ ಹತ್ತು ಹಿಡಿಯುತ್ತಿದ್ದಿರಿ. ಕಂಟಿ ಹಾಕಿದ ಮೇಲೆ ಮುನ್ನೂರು ಮೀನು ಒಂದೇ ಕಡೆ ಬಂದವು. ಈಗ ದಿನಕ್ಕೆ ನಲವತ್ತು ಹಿಡಿಯುತ್ತೀರಿ. ಮೀನು ಹೆಚ್ಚಾಯಿತು ಅನ್ನಿಸುತ್ತದೆ. ನಿಜವಾಗಿ ಕೆರೆಯ ಮೀನು ಹೆಚ್ಚಾಗಿಲ್ಲ, ನಿಮ್ಮ ಕೈಗೆ ಬೇಗ ಬಂತು. ಹಾಗೆಯೇ ಹಿಡಿಯುತ್ತ ಹೋದರೆ ಕೆರೆ ಬೇಗ ಬರಿದಾಗುತ್ತದೆ.

ಜಗತ್ತಿನ ಮೀನುಗಾರಿಕಾ ವಿಜ್ಞಾನದಲ್ಲಿ ಈ ವಾದ ದಶಕಗಳಿಂದ ನಡೆದಿದೆ. ಉತ್ತರ ಒಂದೇ ಇಲ್ಲ. ಯಾವ ಮೀನು, ಯಾವ ನೀರು, ಎಷ್ಟು ದಿನ ಬಿಟ್ಟು ಹಿಡಿಯುತ್ತೀರಿ ಎಂಬುದರ ಮೇಲೆ ಹೋಗುತ್ತದೆ. ಇದು ಎಷ್ಟು ತೀವ್ರವಾಗಬಹುದು ಎಂಬುದು ನಮ್ಮ ಕಡಲಿನಲ್ಲೇ ಕಂಡಿದೆ.

ಕಪ್ಪೆ ಬೊಂಡಾಸದ ಮೊಟ್ಟೆ

ಹುಬ್ಬಳ್ಳಿಯಿಂದ ಅಂಕೋಲಾ ರಸ್ತೆ ಹಿಡಿದರೆ ಕೆಲವು ತಾಸಿಗೆ ಕಡಲು. ಅಲ್ಲಿ ಸಿಗುವ ಒಂದು ಬೆಲೆಬಾಳುವ ಜೀವಿಗೆ ಕರಾವಳಿಯವರು ಕಪ್ಪೆ ಬೊಂಡಾಸ ಎನ್ನುತ್ತಾರೆ. ಮೀನಲ್ಲ, ಬೆನ್ನೊಳಗೆ ಬಿಳಿ ಓಡು ಇರುವ ಮೃದ್ವಂಗಿ. ಹೆದರಿದರೆ ಮಸಿ ಚೆಲ್ಲುತ್ತದೆ. ಹೆಚ್ಚಿನ ಪಾಲು ಹೊರದೇಶಕ್ಕೆ ರಫ್ತಾಗುತ್ತದೆ.

ಇದು ಮೊಟ್ಟೆ ಇಡುವ ಹೊತ್ತಿಗೆ ನೀರೊಳಗೆ ಕಡ್ಡಿ, ಗಿಡ, ಬಂಡೆ ಹುಡುಕುತ್ತದೆ. ಕಪ್ಪು ದ್ರಾಕ್ಷಿ ಗೊಂಚಲಿನಂಥ ಮೊಟ್ಟೆಗಳನ್ನು ಅದಕ್ಕೆ ಅಂಟಿಸುತ್ತದೆ. ಅದರ ಆಯಸ್ಸೇ ಸಣ್ಣದು. ಬದುಕಿನಲ್ಲಿ ಒಮ್ಮೆ ಮೊಟ್ಟೆ ಇಡುವ ಕಾಲ ಬರುತ್ತದೆ, ಆಮೇಲೆ ಸಾಯುತ್ತದೆ.

ಈ ಗುಣ ತಿಳಿದ ಗಾಳದ ಮೀನುಗಾರರು ತೆಂಗಿನ ಹೊಂಬಾಳೆಯ ಒಣ ಗೊನೆಗಳನ್ನು ಹಗ್ಗಕ್ಕೆ ಕಟ್ಟಿ, ಕೆಳಗೆ ಮರಳಿನ ಚೀಲ ಬಿಗಿದು ಕಡಲಿಗೆ ಇಳಿಸತೊಡಗಿದರು. ಜಾಗದ ಗುರುತು ಜಿಪಿಎಸ್‌ನಲ್ಲಿ. ಅವಾಜಿಯವರ ಮರಳಿನ ಚೀಲವೇ ಇಲ್ಲಿ ಮತ್ತೆ ಬಂತು. ಈ ಶತಮಾನದ ಆರಂಭದ ವರ್ಷಗಳಿಂದ ಕರ್ನಾಟಕವೂ ಸೇರಿ ನೈಋತ್ಯ ಕರಾವಳಿಯಲ್ಲಿ ಇದು ಹರಡಿತು. ಕೆಲವು ದಿನಕ್ಕೆ ಕಪ್ಪೆ ಬೊಂಡಾಸ ಗೊನೆಗಳ ಸುತ್ತ ಸೇರುತ್ತದೆ. ಗಾಳ ಹಾಕಿ ಒಂದೊಂದಾಗಿ ಎತ್ತುವುದು. ಎಳೆ ಬಲೆಯಲ್ಲಿ ಬಂದಂತೆ ಜಜ್ಜಿ ಹೋಗುವುದಿಲ್ಲ, ಒಳ್ಳೆ ದರ ಸಿಗುತ್ತದೆ.

ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಮಂಗಳೂರು ಕೇಂದ್ರದವರು ಇದನ್ನು ಅಧ್ಯಯನ ಮಾಡಿ, 2015ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಎಚ್ಚರಿಕೆ ಕೊಟ್ಟರು. ಗೊನೆಗಳ ಬಳಿ ಬರುವುದು ಬಹುಪಾಲು ಮೊಟ್ಟೆ ಇಡಲು ಬಂದ ಪ್ರಾಯದ ಜೀವಿಗಳೇ. ಅವನ್ನೇ ಹಿಡಿದರೆ, ಗೊನೆಯ ಜೊತೆಗೆ ಮೊಟ್ಟೆಯೂ ನಾಶವಾದರೆ, ಮುಂದಿನ ಪೀಳಿಗೆ ಎಲ್ಲಿಂದ ಬರಬೇಕು? ಹೊಲದವರ ಭಾಷೆಯಲ್ಲಿ ಹೇಳಬೇಕೆಂದರೆ, ಬಿತ್ತನೆ ಬೀಜವನ್ನೇ ಕುಟ್ಟಿ ರೊಟ್ಟಿ ಮಾಡಿದಂತೆ.

ಇತ್ತ ಟ್ರಾಲರ್ ದೋಣಿಯವರಿಗೂ ಸಿಟ್ಟು. ಮುಳುಗಿಸಿದ ಗೊನೆ, ಹಗ್ಗಗಳಿಗೆ ಅವರ ಬಲೆ ಸಿಕ್ಕಿಬೀಳುತ್ತದೆ. ನಮ್ಮ ಕೆರೆಯ ಬೀಸು ಬಲೆಯವನ ಬೈಗುಳವೇ ಕಡಲಿನಲ್ಲಿ ದೊಡ್ಡ ಜಗಳವಾಗಿ ಕೇಳಿಸುತ್ತದೆ.

ಅದೇ ಗೊನೆ, ಮೊಟ್ಟೆ ಒಡೆದು ಮರಿ ಹೊರಬರುವವರೆಗೆ ಮುಟ್ಟದೆ ಬಿಟ್ಟರೆ, ಕಪ್ಪೆ ಬೊಂಡಾಸಕ್ಕೆ ಹೆರಿಗೆ ಮನೆ ಆಗುತ್ತದೆ. ವಸ್ತು ಒಂದೇ. ಎತ್ತುವ ಹೊತ್ತು ಬೇರೆ.

ನಮ್ಮ ಕೆರೆಯ ಲೆಕ್ಕ

ಈಗ ಊರಿಗೆ ಬರೋಣ. ನಮ್ಮ ಕೆರೆ, ಹೊಂಡಗಳಲ್ಲಿ ಸಾಕುವ ಮುಖ್ಯ ಮೀನು ಕಾಟ್ಲಾ, ರೋಹು, ಮೃಗಾಲ, ಸಾಮಾನ್ಯ ಗೆಂಡೆ. ಮೊದಲ ಮೂರು ಹರಿಯುವ ನದಿಯ ಮೀನುಗಳು. ನಿಂತ ನೀರಿನಲ್ಲಿ ತಾವಾಗಿ ಮೊಟ್ಟೆ ಇಡುವುದಿಲ್ಲ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧರಿ ಮತ್ತು ಕೆ.ಎಚ್. ಅಲಿಕುಂಜಿ ಹಾರ್ಮೋನ್ ಚುಚ್ಚಿ ಇಂಥ ಗೆಂಡೆ ಮೀನುಗಳನ್ನು ಮರಿ ಮಾಡಿಸಿದ ಮೇಲೆಯೇ ಹಳ್ಳಿ ಹಳ್ಳಿಗೆ ಮರಿ ಸಿಗುವ ದಾರಿ ತೆರೆಯಿತು. ಅದೇ ದಿನವನ್ನು ಈಗ ಮೀನು ಕೃಷಿಕರ ದಿನ ಎಂದು ಆಚರಿಸುತ್ತಾರೆ.

ಅಂದರೆ ಕೆರೆಗೆ ಕಂಟಿ ಹಾಕಿದ ಮಾತ್ರಕ್ಕೆ ಕಾಟ್ಲಾ, ರೋಹು ಮರಿ ಹಾಕುವುದಿಲ್ಲ. ಅವುಗಳಿಗೆ ಕಂಟಿ ಮೇವಿನ ನೆಲ, ಮರಿಗಳಿಗೆ ಅಡಗುವ ಜಾಗ, ಅಷ್ಟೇ. ರೋಹುವಿಗೆ ಇದರ ಲಾಭ ಹೆಚ್ಚು. ಮೇಲ್ನೀರಿನಲ್ಲಿ ತೇಲುವ ಸಣ್ಣ ಜೀವಿ ತಿನ್ನುವ ಕಾಟ್ಲಾಕ್ಕೆ ಕಡಿಮೆ.

ಸಾಮಾನ್ಯ ಗೆಂಡೆಯ ಕಥೆ ಬೇರೆ. ಅದು ನಿಂತ ನೀರಿನಲ್ಲೇ ಮೊಟ್ಟೆ ಇಡುತ್ತದೆ, ಮೊಟ್ಟೆ ಅಂಟು ಅಂಟು. ನೀರುಹುಲ್ಲು, ಬೇರು, ಕಡ್ಡಿಗೆ ಅಂಟುತ್ತದೆ. ಮೀನು ಮರಿ ಕೇಂದ್ರಗಳಲ್ಲಿ ಇದಕ್ಕಾಗಿಯೇ ನೀರುಹುಲ್ಲಿನ ಕಟ್ಟು ಇಡುತ್ತಾರೆ. ನಮ್ಮ ಹವೆಯಲ್ಲಿ ಚಳಿ ಇಳಿಯುವ ಹೊತ್ತಿಗೆ ಒಮ್ಮೆ, ಮಳೆಗಾಲದಲ್ಲಿ ಒಮ್ಮೆ ಅದರ ಮೊಟ್ಟೆಯ ಹಂಗಾಮು. ಆ ತಿಂಗಳುಗಳಲ್ಲಿ ಕಂಟಿ ಎತ್ತಿ ದಂಡೆಗೆ ಹಾಕಿದರೆ ಮೊಟ್ಟೆಯನ್ನೇ ಬಿಸಿಲಿಗೆ ಹಾಕಿದಂತೆ.

ಕಟ್ಟುವವರು ನೋಡಬೇಕಾದದ್ದು

ಕಟ್ಟಿಗೆ: ಬಳ್ಳಾರಿ ಜಾಲಿ ಕಂಟಿ ನಮ್ಮಲ್ಲಿ ಬೇಕಾದಷ್ಟಿದೆ. ಅದನ್ನು ಕಡಿದರೆ ಹೊಲಕ್ಕೂ ಉಪಕಾರ. ಹಸಿ ಎಲೆ ಇರುವ ಟೊಂಗೆ ಹಾಕಬೇಡಿ. ಎಲೆ ಕೊಳೆಯುವಾಗ ನೀರಿನ ಆಮ್ಲಜನಕ ತಿನ್ನುತ್ತದೆ, ಸಣ್ಣ ಹೊಂಡದಲ್ಲಿ ಮೀನು ಮೇಲೆ ಬಂದು ಬಾಯಿ ತೆರೆಯುತ್ತದೆ. ಎಲೆ ಉದುರುವವರೆಗೆ ಒಣಗಿಸಿ. ಕಳ್ಳಿ ಜಾತಿಯ ಹಾಲು ಬರುವ ಗಿಡ ಬೇಡವೇ ಬೇಡ. ಕಳ್ಳಿ ಹಾಲು ಮೀನಿಗೆ ವಿಷ. ನೀರಿಗೆ ವಿಷ ಹಾಕಿ, ಸಿಡಿಮದ್ದು ಹಾಕಿ ಮೀನು ಹಿಡಿಯುವುದು 1897ರ ಭಾರತೀಯ ಮೀನುಗಾರಿಕೆ ಕಾಯ್ದೆಯಿಂದಲೇ ಅಪರಾಧ.

ಭಾರ: ಒಣ ಕಟ್ಟಿಗೆ ತೇಲುತ್ತದೆ, ಕಲ್ಲು ನೀರಿನಲ್ಲಿ ಹಗುರಾಗುತ್ತದೆ. ದಂಡೆಯ ಮೇಲೆ 10 ಕಿಲೋ ತೂಗುವ ಕಲ್ಲು ನೀರೊಳಗೆ 6 ಕಿಲೋದಷ್ಟೇ ಎಳೆಯುತ್ತದೆ. ಹಗುರ ಜಾತಿಯ 10 ಕಿಲೋ ಒಣ ಕಟ್ಟಿಗೆ 6–7 ಕಿಲೋ ಬಲದಿಂದ ಮೇಲಕ್ಕೆ ಒತ್ತುತ್ತದೆ. ಹಾಗಾಗಿ ಸಮ ತೂಕದ ಕಲ್ಲು ಸಾಲದು. 10 ಕಿಲೋ ಕಟ್ಟಿಗೆಗೆ 15 ಕಿಲೋ ಕಲ್ಲು ಇರಲಿ. ಜಾಲಿಯಂಥ ಗಟ್ಟಿ ಕಟ್ಟಿಗೆಗೆ ಇದಕ್ಕಿಂತ ಕಡಿಮೆ ಸಾಕು. ಭಾರವನ್ನು ಬುಡದ ಕಡೆ ಕಟ್ಟಿದರೆ ಟೊಂಗೆ ನೆಟ್ಟಗೆ ನಿಲ್ಲುತ್ತದೆ, ಎಲ್ಲ ಆಳದಲ್ಲೂ ಲೋಳೆ ಹಿಡಿಯುತ್ತದೆ.

ಹಗ್ಗ: ಪುಂಡಿ ನಾರು, ಸೆಣಬಿನ ಹಗ್ಗ ಕೆಲವು ತಿಂಗಳಿಗೆ ಕೊಳೆತು ಕಟ್ಟು ಬಿಚ್ಚುತ್ತದೆ. ನೈಲಾನ್ ಕೊಳೆಯುವುದಿಲ್ಲ, ಆದರೆ ಕಟ್ಟಿಗೆ ಹೋದ ಮೇಲೂ ಉಳಿದು ಆಮೆ, ಹಾವು, ಹಕ್ಕಿಯ ಕಾಲಿಗೆ ಸುತ್ತುತ್ತದೆ. ನೈಲಾನ್ ಬಳಸಿದರೆ ಎಲ್ಲಿ ಹಾಕಿದ್ದೀರಿ ಎಂದು ಬರೆದಿಡಿ, ಕೊನೆಗೆ ಎತ್ತಿ ತೆಗೆಯಿರಿ.

ಜಾಗ: ತೂಬಿನಿಂದ, ಕೋಡಿಯಿಂದ ದೂರ. ಬಿಚ್ಚಿದ ಟೊಂಗೆ ತೂಬಿಗೆ ಹೋಗಿ ಕೂತರೆ ನೀರು ಬಿಡುವ ದಿನ ಗೊತ್ತಾಗುತ್ತದೆ. ಬಟ್ಟೆ ಒಗೆಯುವ, ಎಮ್ಮೆ ಇಳಿಯುವ, ಹುಡುಗರು ಈಜುವ ದಂಡೆಯ ಹತ್ತಿರ ಎಂದೂ ಹಾಕಬೇಡಿ. ನೀರೊಳಗಿನ ಮುಳ್ಳುಕಂಟಿಗೆ ಕಾಲು, ಅಂಗಿ ಸಿಕ್ಕಿಬಿದ್ದರೆ ಈಜು ಬಂದವನೂ ಮೇಲೆ ಬರಲಾರ. ಹಾಕಿದ ಜಾಗದ ಮೇಲೆ ಖಾಲಿ ಡಬ್ಬಿ ತೇಲಿಬಿಟ್ಟು ಗುರುತು ಮಾಡಿ. ಪ್ಲಾಸ್ಟಿಕ್ ಹಾಳೆ ಹಾಸಿದ ಕೃಷಿ ಹೊಂಡಕ್ಕೆ ಮುಳ್ಳುಕಂಟಿ, ಚೂಪಾದ ಗೂಟ ಬೇಡ. ಹಾಳೆ ಹರಿದರೆ ನೀರೂ ಹೋಯಿತು, ಮೀನೂ ಹೋಯಿತು. ಅಂಥಲ್ಲಿ ಮೇಲಿನಿಂದ ಅಡ್ಡ ಹಗ್ಗ ಕಟ್ಟಿ ಕಬ್ಬಿನ ಸಿಪ್ಪೆಯ ಸಣ್ಣ ಕಟ್ಟುಗಳನ್ನು ಇಳಿಬಿಡಬಹುದು.

ಕೂಡಿದ ಮೀನು ಯಾರದು

ಸ್ವಂತ ಹೊಂಡವಾದರೆ ಈ ಪ್ರಶ್ನೆ ಇಲ್ಲ. ಊರ ಕೆರೆಯಾದರೆ ಇದೆ. ಕೆರೆಯ ಮೀನಿನ ಹಕ್ಕು ಪಂಚಾಯ್ತಿಯಿಂದಲೋ ಇಲಾಖೆಯಿಂದಲೋ ಗುತ್ತಿಗೆಗೆ ಹೋಗುತ್ತದೆ. ಲಿಲಾವು ಹಿಡಿದವರಿಗೆ ಕೆಲವು ವರ್ಷದ ಅವಧಿ. ಅವಧಿ ಮುಗಿಯುವ ಕೊನೆಯ ಬ್ಯಾಸಗಿಯಲ್ಲಿ ಕಂಟಿ ಹಾಕಿ ಎಲ್ಲ ಮೀನು ಕೂಡಿಸಿ ಬಾಚಿಕೊಂಡು ಹೋದರೆ ಮುಂದಿನವನಿಗೆ ಖಾಲಿ ನೀರು. ಮೊದಲ ವರ್ಷದಲ್ಲೇ ಹಾಕಿ, ಮರಿ ಬೆಳೆಯಲು ಬಿಟ್ಟರೆ ಅದೇ ಕಂಟಿ ಎಲ್ಲರಿಗೂ ಲಾಭ. ಇನ್ನು ಗುತ್ತಿಗೆ ಹಿಡಿಯಲಾರದೆ ಗಾಳ, ಬೀಸು ಬಲೆಯಿಂದ ಅವತ್ತಿನ ಸಾರಿಗೆ ನಾಲ್ಕು ಮೀನು ಹಿಡಿಯುವ ಅಂಬಿಗರ, ಬಡವರ ಮನೆಗಳಿವೆ. ಕೆರೆ ತುಂಬ ಕಂಟಿ ಹಾಕಿದರೆ ಅವರ ಬಲೆಗೆ ಜಾಗವಿಲ್ಲ. ನೊಕುವೆ ಸರೋವರದಲ್ಲಿ ಆದದ್ದು ಇದೇ.

ಇದಕ್ಕೆ ದೊಡ್ಡ ಕಾನೂನು ಬೇಕಿಲ್ಲ. ಗ್ರಾಮಸಭೆಯಲ್ಲಿ ನಾಲ್ಕು ಮಾತು ಠರಾವು ಆದರೆ ಸಾಕು. ಕೆರೆಯ ಯಾವ ಬದಿಗೆ ಕಂಟಿ, ಯಾವ ಬದಿ ಬಲೆಗೆ ಬಯಲು. ಯಾವ ತಿಂಗಳು ಕಂಟಿ ಮುಟ್ಟಬಾರದು. ಗುತ್ತಿಗೆಯ ಕೊನೆಯ ವರ್ಷ ಹೊಸ ಕಂಟಿ ಹಾಕುವಂತಿಲ್ಲ. ಮತ್ತು ಒಂದೆರಡು ಕಂಟಿ ಯಾರ ಬಲೆಗೂ ಅಲ್ಲ, ಯಾರ ಗಾಳಕ್ಕೂ ಅಲ್ಲ, ಮೀನಿಗೇ ಬಿಟ್ಟದ್ದು. ಕೊನೆಯದೇ ಎಲ್ಲಕ್ಕಿಂತ ಕಷ್ಟದ್ದು. ಮೀನು ಅಲ್ಲೇ ಇದೆ ಎಂದು ಊರಿಗೆಲ್ಲ ಗೊತ್ತಿರುತ್ತದೆ.

ಮುಂದಿನ ಗ್ರಾಮಸಭೆಯಲ್ಲಿ ಕೆರೆಯ ವಿಷಯ ಬಂದರೆ ಲಿಲಾವಿನ ಮೊತ್ತದ ಜೊತೆಗೆ ಇದನ್ನೂ ಕೇಳಿ. ಇಷ್ಟು ಬರೆದುಕೊಳ್ಳಲು ಪಂಚಾಯ್ತಿಗೆ ಖರ್ಚು ಏನೂ ಇಲ್ಲ.